ಯಾವ ಮೂಲೆಯ ಹಾರಕ

ಹೆಸರು ಹೇಳುವುದು ನನ್ನ ಹೊಟ್ಟೆಪಾಡು. ಕೃಷಿ ಖಾತೆಯಲ್ಲಿ ನನಗೆ ಕೊಟ್ಟ ಕೆಲಸವೆಂದರೆ ಊರೂರು ಅಲೆದು ಪೈರು, ಹುಲ್ಲು, ಕಳೆ, ಏನು ಸಿಕ್ಕರೂ ಬೇರುಸಹಿತ ಕಿತ್ತು, ರದ್ದಿ ಕಾಗದದ ನಡುವೆ ಒಣಗಿಸಿ, ಲ್ಯಾಟಿನ್ ಹೆಸರಿನ ಚೀಟಿ ಹಚ್ಚಿ ಪುಣೆಗೆ ಕಳಿಸುವುದು. ಮುರಗೋಡದ ನಮ್ಮ ಓಣಿಯಲ್ಲಿ ನನ್ನನ್ನು ಹುಲ್ಲಿನ ಮಹಾಂತಪ್ಪ ಎಂದೇ ಕರೆಯುತ್ತಿದ್ದರು. ಕರೆಯಲಿ, ನನಗೇನು. ದನ ತಿನ್ನುವುದನ್ನು ಓದಿ ಪಾಸಾದವನು ಎಂದು ನನ್ನ ಸೋದರಮಾವನೇ ನಗುತ್ತಿದ್ದ. ಅವನು ಹಿತ್ತಿಲಲ್ಲಿ ಅಮೃತಬಳ್ಳಿಯೆಂದು ನೀರುಣಿಸಿ ಸಾಕಿದ್ದು ಅಮೃತಬಳ್ಳಿಯೇ ಅಲ್ಲವೆಂದು ನಾನು ಬೀಗರ ಎದುರಿಗೆ ಹೇಳಿದ ಮೇಲೆ ನಗುವುದನ್ನು ಬಿಟ್ಟ. ಮಾತಾಡುವುದನ್ನೂ ಬಿಟ್ಟ.

ಸಾವಿರದ ಒಂಬೈನೂರ ಒಂಬತ್ತನೆಯ ಇಸವಿ, ದೀಪಾವಳಿ ಕಳೆದು ಸ್ವಲ್ಪ ದಿನಕ್ಕೆ ಬೈಲಹೊಂಗಲದ ಮಾಮಲೇದಾರರಿಂದ ನನಗೆ ಕರೆ ಬಂತು. ಒಂದು ಗಡಿಗೆ ಕಾಳು ಜಪ್ತಾಗಿದೆ, ಅದೇನೆಂದು ಬಂದು ಹೇಳಬೇಕು, ಇಷ್ಟೇ. ಗಡಿಗೆಯ ಹಿಂದೆ ಒಬ್ಬ ಹೆಣ್ಣುಮಗಳ ಬಾಳು ನಿಂತಿದೆಯೆಂದು ನನಗೆ ಅಲ್ಲಿ ಹೋದ ಮೇಲೆ ತಿಳಿಯಿತು.

ಅವಳು ಕಿತ್ತೂರಿನ ದಾರಿಯ ಒಂದು ಸಣ್ಣ ಊರಿನ ಮರೆವ್ವ. ಗಂಡ ಪ್ಲೇಗಿನಲ್ಲಿ ಹೋಗಿದ್ದ, ಮಕ್ಕಳಿರಲಿಲ್ಲ, ಒಂದು ಹೊಲವಿತ್ತು. ಹೊಲದಲ್ಲಿ ಹಾರಕ ಹಾಕಿದ್ದಳು. ಹಾರಕವೆಂದರೆ ನಮ್ಮ ಕಡೆ ಬಡವರ ಅಕ್ಕಿ. ಕುಟ್ಟಲು ರಟ್ಟೆ ಬೇಕು, ಬೇಯಿಸಿದರೆ ಅನ್ನ. ರಾಶಿ ಮಾಡಲು ಮುಯ್ಯಾಳು ಬಂದಿದ್ದರು. ಇಂದು ನಿಮ್ಮ ಹೊಲಕ್ಕೆ ನಾವು, ನಾಳೆ ನಮ್ಮ ಹೊಲಕ್ಕೆ ನೀವು ಎಂದು ಕೂಲಿಯಿಲ್ಲದೆ ಬಂದು ದುಡಿಯುವವರೇ ಮುಯ್ಯಾಳು. ಅವರಿಗೆ ಅದೇ ಹೊಲದ ಹೊಸ ಕಾಳಿನ ಊಟ ಹಾಕಬೇಕು, ಮನೆಯವರು ಕೊನೆಗೆ ಉಣ್ಣಬೇಕು. ಮರೆವ್ವ ಮುಂಚಿತವಾಗಿ ಒಂದಿಷ್ಟು ಸಿವುಡು, ಎಂದರೆ ಕೊಯ್ದು ಕಟ್ಟಿದ ತೆನೆಯ ಕಟ್ಟು, ಬಡಿದು, ಕುಟ್ಟಿ, ಅನ್ನ ಮಾಡಿ ಬಡಿಸಿದಳು. ಉಂಡವರು ಬಿಸಿಲು ಇಳಿಯುವ ಹೊತ್ತಿಗೆ ತೂರಾಡತೊಡಗಿದರು. ಕೆಲವರು ವಾಂತಿ ಮಾಡಿಕೊಂಡರು, ಕೆಲವರು ಕಣದಲ್ಲೇ ಒರಗಿದರು. ಬಣವಿಯ ಮೇಲೆ ನಿಂತು ಮೇವು ಒಟ್ಟುತ್ತಿದ್ದ ಶಟ್ಟೆಪ್ಪ ತಲೆ ತಿರುಗಿ ಕೆಳಗೆ ಬಿದ್ದ. ಕತ್ತು ಮುರಿಯಿತು. ಮರುದಿನ ಉಳಿದವರೆಲ್ಲ ಎದ್ದು ಕೂತರು, ಅವನೊಬ್ಬ ಏಳಲಿಲ್ಲ.

ಅವನ ಹೆಂಡತಿ ರಾಮವ್ವ ಹೆಣದ ಮುಂದೆ ಕೂತು ಮರೆವ್ವನ ಕಡೆ ಬೆರಳು ಮಾಡಿ, ಇವಳು ಮದ್ದು ಹಾಕಿದಳು ಎಂದಳು. ನಮ್ಮ ಸೀಮೆಯಲ್ಲಿ ಈ ಮಾತು ಒಮ್ಮೆ ಬಾಯಿಂದ ಬಿತ್ತೆಂದರೆ ಮುಗಿಯಿತು. ಮದ್ದು ಹಾಕುವವಳು ಎಂಬ ಹೆಸರು ಬಿದ್ದ ಹೆಂಗಸಿನ ಕೈಯಿಂದ ಒಂದು ಗುಟುಕು ನೀರನ್ನೂ ಯಾರೂ ಕುಡಿಯುವುದಿಲ್ಲ, ಅವಳು ಸಾಯುವ ತನಕ.

ಮರೆವ್ವನ ವಿರುದ್ಧ ಇದ್ದ ದೊಡ್ಡ ಸಾಕ್ಷಿ ಒಂದು ಹುಂಜ. ನಗಬೇಡಿ. ಹಾರಕ ಒಮ್ಮೊಮ್ಮೆ ಅಮಲೇರಿಸುತ್ತದೆ ಎಂಬುದು ರೈತರಿಗೆಲ್ಲ ಗೊತ್ತು. ಅದಕ್ಕೇ ಆ ಊರಲ್ಲಿ ಒಂದು ಪದ್ಧತಿ: ಹೊಸ ಹಾರಕವನ್ನು ಮೊದಲು ನಾಲ್ಕು ಜನರ ಎದುರಿಗೆ ಹುಂಜಕ್ಕೆ ಹಾಕಬೇಕು. ಹುಂಜ ಸಂಜೆಯ ತನಕ ನೆಟ್ಟಗೆ ಓಡಾಡಿಕೊಂಡಿದ್ದರೆ ಆ ವರ್ಷದ ಕಾಳು ಚಲೋ. ಮರೆವ್ವ ಹಾಕಿದ್ದಳು, ಊರ ಗೌಡನೇ ನಿಂತು ನೋಡಿದ್ದ, ಹುಂಜ ಸಂಜೆಗೆ ಗೋಡೆ ಹತ್ತಿ ಕೂಗಿತ್ತು. ಹಾಗಾದರೆ ಕಾಳಿನಲ್ಲಿ ದೋಷವಿಲ್ಲ. ದೋಷ ಕೈಯಲ್ಲಿದೆ. ಮೇಲಾಗಿ ಅವಳು ಉಂಡಿರಲಿಲ್ಲ.

ಮಾಮಲೇದಾರರು ಕೆಟ್ಟವರಲ್ಲ. ಕಾಗದದಲ್ಲಿ ಇಲ್ಲದ್ದು ಲೋಕದಲ್ಲೂ ಇಲ್ಲವೆಂದು ನಂಬಿದ ವಯಸ್ಸಾದ ಮನುಷ್ಯ, ಅಷ್ಟೇ. ತಾಲೂಕಿನ ಮ್ಯಾಜಿಸ್ಟ್ರೇಟರೂ ಅವರೇ; ಮರೆವ್ವನನ್ನು ಬೆಳಗಾವಿಯ ದೊಡ್ಡ ಕೋರ್ಟಿಗೆ ಒಪ್ಪಿಸುವುದೋ ಬಿಡುವುದೋ ಎಂದು ಅವರು ತೀರ್ಮಾನಿಸಬೇಕಿತ್ತು. ಗಡಿಗೆಯ ಬಾಯಿ ಬಿಚ್ಚಿಸಿ ನನ್ನ ಮುಂದಿಟ್ಟರು. ನಾನು ಭೂತಗನ್ನಡಿ ಹಿಡಿದು ನೋಡಿದೆ. ಅನುಮಾನಕ್ಕೆ ಎಡೆಯೇ ಇರಲಿಲ್ಲ. ಪಾಸ್ಪಾಲಮ್ ಸ್ಕ್ರೋಬಿಕುಲೇಟಮ್, ಎಂದೆ. ಕನ್ನಡದಲ್ಲಿ ಹಾರಕ. ತಿನ್ನುವ ಧಾನ್ಯ. ಬೇರೆ ಯಾವ ಬೀಜವೂ, ತಲೆ ಕೆಡಿಸುವ ಮದಗುಣಿಕೆಯ ಬೀಜವೂ ಇದರಲ್ಲಿ ಬೆರೆತಿಲ್ಲ. ಮಾಮಲೇದಾರರು ಅಷ್ಟಕ್ಕೇ ಬಿಡಲಿಲ್ಲ. ಹಿಂದಿನ ದಿನವೇ ಆ ಗಡಿಗೆಯ ಕಾಳನ್ನು ಬೇಯಿಸಿ ಒಬ್ಬ ಸಿಪಾಯಿಗೆ ಉಣ್ಣಿಸಿದ್ದರಂತೆ. ಸಿಪಾಯಿ ಬಾಗಿಲಲ್ಲಿ ಬಂದೂಕಿನಷ್ಟೇ ನೆಟ್ಟಗೆ ನಿಂತಿದ್ದ.

ಮರೆವ್ವ ಆಗ ಬಾಯಿ ತೆರೆದಳು. ನಲವತ್ತರ ಹತ್ತಿರದ ಹೆಂಗಸು, ಸೆರಗು ಹಣೆಯ ತನಕ ಎಳೆದಿದ್ದಳು.

“ಹಾರಕದಾಗ ಎರಡು ಜಾತಿ ಅದಾವ್ರಿ, ರಾವಸಾಹೇಬ್ರ. ಒಂದು ಒಳ್ಳೇದು, ಒಂದು ಹುಚ್ಚ ಹಾರಕ. ಅದು ಹೆಂಗೋ ಕೂಡೇತ್ರಿ. ನಾ ಏನೂ ಹಾಕಿಲ್ರಿ.”

ಮಾಮಲೇದಾರರು ನನ್ನ ಮುಖ ನೋಡಿದರು. ಎರಡು ಜಾತಿ ಇಲ್ಲ, ಒಂದೇ, ಎಂದೆ. ಅದು ನಿಜವೂ ಹೌದು. ಈ ಹುಚ್ಚು ಹಾರಕದ ಕತೆ ಕೇಳಿ ಕೇಳಿ ನನ್ನ ಕಿವಿ ತೂತು ಬಿದ್ದಿತ್ತು. ಯಾವ ಊರಿಗೆ ಹೋದರೂ ಅದು ಇದೆ ಎನ್ನುವವರೇ, ಗಿಡ ತೋರಿಸು ಎಂದರೆ ತಲೆ ಕೆರೆದುಕೊಳ್ಳುವವರೇ. ಮಾಮಲೇದಾರರು ಒಂದು ಪಡಿ ಕಾಳು ಮೊರಕ್ಕೆ ಸುರಿಸಿ, ಹುಚ್ಚು ಕಾಳು ಆರಿಸು ಎಂದು ಮರೆವ್ವನ ಮುಂದಿಡಿಸಿದರು. ಬಿತ್ತನೆಯ ಹೊತ್ತಿಗೆ ಊರವರೆಲ್ಲ ಬೀಜ ಆರಿಸಲು ಅವಳನ್ನೇ ಕರೆಯುತ್ತಿದ್ದರಂತೆ. ಕೂತು ಆರಿಸಿದಳು. ಅವಳು ಬೇರೆ ಮಾಡಿಟ್ಟ ಕಾಳಿನ ಮೇಲೆ ಬಟ್ಟೆ ಮುಚ್ಚಿಸಿ, ಅದೇ ಗಡಿಗೆಯಿಂದ ಇನ್ನೊಂದು ಪಡಿ ಕಾಳು ಕೊಟ್ಟರು. ಈ ಸಲ ಅವಳು ಆರಿಸಿದ್ದು ಬೇರೆಯೇ ಬಣ್ಣದ್ದು, ಬೇರೆಯೇ ಗಾತ್ರದ್ದು. ಎರಡನ್ನೂ ಅಕ್ಕಪಕ್ಕ ಇಟ್ಟಾಗ ಅವಳಿಗೇ ಗೊತ್ತಾಯಿತು. ಬೆರಳು ಮೊರದಲ್ಲೇ ನಿಂತುಬಿಟ್ಟವು.

ನನ್ನ ಕೆಲಸ ಮುಗಿದಿತ್ತು. ಟಾಂಗಾ ಹತ್ತಿ ಹೋಗಬಹುದಿತ್ತು. ಹತ್ತಲಿಲ್ಲ. ನಾನು ಹೇಳಿದ ಒಂದೊಂದು ಅಕ್ಷರವೂ ನಿಜ, ಆ ನಿಜದಿಂದ ಒಬ್ಬಳು ಜೈಲಿಗೆ ಹೋಗುತ್ತಾಳೆ. ಸುಳ್ಳು ಹೇಳಿದ್ದರೆ ತಿದ್ದಿಕೊಳ್ಳಬಹುದಿತ್ತು; ನಿಜವನ್ನು ಎಲ್ಲಿಂದ ಹಿಡಿದು ತಿದ್ದಲಿ? ಸುಮ್ಮನೆ ಕೈಗೆ ಕೆಲಸವಿರಲೆಂದು ಒಂದು ಮುಷ್ಟಿ ಕಾಳು ಕಾಗದದಲ್ಲಿ ಸುತ್ತಿ ಚೀಟಿ ಬರೆಯಲು ಕೂತೆ. ನಮ್ಮ ಚೀಟಿಯಲ್ಲಿ ಹೆಸರಿನ ಕೆಳಗೆ ಇನ್ನೊಂದು ಸಾಲಿರುತ್ತದೆ: ಎಲ್ಲಿ ಸಿಕ್ಕಿತು. ಊರು, ಹೊಲ, ಎತ್ತರದ ನೆಲವೋ ತಗ್ಗೋ. ಆ ಸಾಲು ಖಾಲಿಯಿದ್ದರೆ ಪುಣೆಯವರು ಹೆಸರು ಎಷ್ಟೇ ಸರಿಯಿದ್ದರೂ ಮಾದರಿಯನ್ನು ತಿಪ್ಪೆಗೆ ಎಸೆಯುತ್ತಾರೆ. ಈ ಕಾಳು ಎಲ್ಲಿಂದ ತಂದದ್ದು ಎಂದು ಪೊಲೀಸನನ್ನು ಕೇಳಿದೆ. ದೇವರ ಜಗಲಿಯ ಮೇಲಿನ ಗಡಿಗೆ, ಎಂದ. ಜಗಲಿಯ ಮೇಲೆ ಇಡುವುದು ಯಾವುದನ್ನು? ಮೊದಲು ಕೊಯ್ದ ಸಿವುಡಿನ ಕಾಳನ್ನು. ಹುಂಜಕ್ಕೆ ಹಾಕಿದ್ದು? ಅದನ್ನೇ, ಎಂದು ಸಾಕ್ಷಿ ಹೇಳಲು ಬಂದಿದ್ದ ಗೌಡ ಹೇಳಿದ. ಮೊದಲ ಸಿವುಡು ದೇವರದ್ದು, ಅದನ್ನು ಹೊಲದ ಮೇಲಿನ ತುದಿಯ ಬನ್ನಿಗಿಡದ ಬುಡದಲ್ಲೇ ಕೊಯ್ಯಬೇಕು, ಹುಂಜಕ್ಕೂ ಅದನ್ನೇ ಹಾಕಬೇಕು.

ನಾನು ಲೇಖನಿ ಕೆಳಗಿಟ್ಟೆ. ಹುಂಜ ತಿಂದದ್ದು, ಸಿಪಾಯಿ ತಿಂದದ್ದು, ನಾನು ಕನ್ನಡಿ ಹಿಡಿದು ನೋಡಿದ್ದು ಎಲ್ಲವೂ ಒಂದೇ ಮೂಲೆಯ ಕಾಳು. ಮುಯ್ಯಾಳು ತಿಂದದ್ದನ್ನು ಯಾರೂ ನೋಡಿಯೇ ಇರಲಿಲ್ಲ.

ಮರೆವ್ವನನ್ನು ನೇರ ಕೇಳಿದೆ. “ಅಕ್ಕಾರ, ಮುಯ್ಯಾಳಿಗೆ ಕುಟ್ಟಿದ್ದು ಯಾವ ಸಿವುಡ್ರಿ? ಹೊಲದಾಗ ಯಾವ ಕಡೀದು?”

ಅಲ್ಲಿಯ ತನಕ ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟಿದ್ದವಳು ಈಗ ತಲೆ ತಗ್ಗಿಸಿದಳು. ಮತ್ತೆ ಕೇಳಿದೆ. ಮಾಮಲೇದಾರರೂ ಕೇಳಿದರು. ತುಟಿ ಬಿಚ್ಚಲಿಲ್ಲ. ಹಿಂದೆ ಕೂತಿದ್ದ ಊರವರಲ್ಲಿ ಗುಜುಗುಜು ಎದ್ದಿತು, ನೋಡಿರಿ ಸಿಕ್ಕಿಬಿದ್ದಳು ಎಂದು. ಎಲಾ ಇವಳ, ಬಾವಿಗೆ ಬಿದ್ದವಳಿಗೆ ಹಗ್ಗ ಇಳಿಬಿಟ್ಟರೆ ಹಿಡಿಯಲೊಲ್ಲಳಲ್ಲ ಎಂದು ನನಗೆ ಸಿಟ್ಟು ನೆತ್ತಿಗೇರಿತು. ಆದರೆ ಸಿಟ್ಟು ಬಂದಷ್ಟೂ ನಾನು ಪಟ್ಟು ಬಿಡದ ಜಾತಿ. ಮುಂದಿನ ಸಂತೆಯ ತನಕ ನನಗೆ ವಾಯಿದೆ ಕೊಡಿ, ನಾನು ಆ ಹೊಲ ನೋಡಬೇಕು ಎಂದು ಮಾಮಲೇದಾರರಿಗೆ ದುಂಬಾಲು ಬಿದ್ದೆ. ಹೆಸರು ಹೇಳಿ ಆಯಿತಲ್ಲ, ಇನ್ನೇನು ನೋಡುವುದಿದೆ ಎಂದು ಅವರು ಗೊಣಗಿದರು. ಕೊಟ್ಟರು.

ಗೌಡ ಹಣಮಂತಪ್ಪನ ಬಂಡಿಯಲ್ಲೇ ಊರಿಗೆ ಹೋದೆ. ಹೊಲ ನೋಡಿದ ಕೂಡಲೇ ಅರ್ಧ ಅರ್ಥವಾಯಿತು. ಮೇಲಿನ ತುದಿ ಬನ್ನಿಗಿಡದ ಕಡೆ ಕೆಂಪು ಗರಸು ನೆಲ, ನೀರು ನಿಲ್ಲುವುದಿಲ್ಲ. ಕೆಳಗಿನ ತುದಿ ಹಳ್ಳಕ್ಕೆ ಹತ್ತಿದ ಕರಿ ತಗ್ಗು. ಆ ವರ್ಷ ಸ್ವಾತಿ ಮಳೆ ಕೊಯ್ಲಿನ ಮೇಲೇ ಜಡಿದಿತ್ತು. ಮೇಲಿನದು ಹೇಗೋ ಒಣಗಿತ್ತು, ತಗ್ಗಿನ ಸಿವುಡು ಕೊಯ್ದಲ್ಲೇ ನೀರಲ್ಲಿ ಕೂತಿದ್ದವು. ಅವನ್ನು ಮರೆವ್ವ ಬೇರೆಯಾಗಿ ಬದುವಿನ ಮೇಲೆ ಒಟ್ಟಿದ್ದಳು. ಆ ಒಟ್ಟಿಲಲ್ಲಿ ಮಾತ್ರ ಒಂದು ಬದಿ ಖಾಲಿಯಾಗಿತ್ತು. ನಾಲ್ಕು ತೆನೆ ಕಿತ್ತು ಕನ್ನಡಿ ಹಿಡಿದೆ. ಗಿಡ ಅದೇ, ತೆನೆ ಅದೇ, ಕಾಳು ಅದೇ, ಹೆಸರು ಬದಲಿಸಲು ಒಂದು ಕಾರಣವೂ ಇಲ್ಲ. ಆದರೆ ಸಿಪ್ಪೆಯ ಸಂದಿನಲ್ಲಿ ಕೂದಲಿಗಿಂತ ಸಣ್ಣ ಎಳೆಗಳು, ಬೂಸು ಹಿಡಿದಂತೆ. ಕುಟ್ಟಿದರೆ ಅದೂ ಕಾಣುವುದಿಲ್ಲ.

ಇಷ್ಟು ಹೇಳಲು ಅವಳಿಗೇನು ಧಾಡಿ ಎಂದು ನಾನು ಗೌಡನ ಮುಂದೆ ಕೂಗಾಡಿದೆ. ಗೌಡ ಎಲೆ ಅಡಿಕೆ ಹಾಕಿಕೊಂಡು ಸಾವಕಾಶ ಹೇಳಿದ. ಮುಯ್ಯಾಳಿಗೆ ನೆನೆದ ಕಾಳು ಹಾಕುವುದೆಂದರೆ ಆ ಊರಲ್ಲಿ ಅದಕ್ಕಿಂತ ಹೀನ ಕೆಲಸವಿಲ್ಲ. ದನಕ್ಕೆ ಹಾಕುವುದನ್ನು ಜನಕ್ಕೆ ಹಾಕಿದಂತೆ. ಅವನ ಅಜ್ಜನ ಕಾಲದಲ್ಲಿ ಯಾರೋ ಒಬ್ಬ ಹಾಕಿದ್ದನಂತೆ. ಆ ಮನೆತನಕ್ಕೆ ಇವತ್ತಿಗೂ ಮುಗ್ಗಲ ಕಾಳಿನವರು ಎಂದೇ ಹೆಸರು, ಇವತ್ತಿಗೂ ಅವರ ಹೊಲಕ್ಕೆ ಮುಯ್ಯಿಗೆ ಯಾರೂ ಹೋಗುವುದಿಲ್ಲ. ಗಂಡು ದಿಕ್ಕಿಲ್ಲದ ಮರೆವ್ವನಿಗೆ ಮುಯ್ಯಾಳು ನಿಂತರೆ ಹೊಲವೇ ನಿಂತಂತೆ. ನೆನೆದದ್ದು ಪೂರಾ ಕೆಡುವ ಮೊದಲು ಒಣಗಿಸಿ ಮುಯ್ಯಾಳಿಗೆ ಹಾಕಿಬಿಡೋಣ, ಹುಂಜ ಹೇಗೂ ಹೌದೆಂದಿದೆ, ಯಾರಿಗೆ ತಿಳಿಯುತ್ತದೆ ಎಂದುಕೊಂಡಿರಬೇಕು. ಬಡತನದ ಲೆಕ್ಕ, ಅದರಲ್ಲಿ ಮದ್ದು ಎಲ್ಲಿಂದ ಬಂತು.

ನನಗೆ ಗೊತ್ತಾದರೆ ಸಾಲದು, ಕೋರ್ಟಿಗೆ ತೋರಿಸಬೇಕು. ಬೂಸೇ ಕಾರಣವೆಂದು ಯಾವ ಪುಸ್ತಕದಲ್ಲೂ ನಾನು ಓದಿರಲಿಲ್ಲ. ಉಣ್ಣಬೇಕು, ಬೇರೆ ದಾರಿಯಿಲ್ಲ. ಆದರೆ ಆ ಅನ್ನ ಮಾಡುವವರು ಯಾರು? ನಾನೇ ಮಾಡಿಕೊಂಡರೆ ಮರೆವ್ವನ ಪರವಾಗಿ ನಾಟಕ ಆಡಿದ ಎನ್ನುತ್ತಾರೆ. ಆ ಊರಲ್ಲಿ ಅವಳ ಪರವಾಗಿ ಎಂದೂ ನಿಲ್ಲಲಾರದ ಒಬ್ಬಳಿದ್ದಳು. ಅವಳ ಮನೆಗೆ ಹೋದೆ.

ರಾಮವ್ವ ಹೊಸ್ತಿಲ ಮೇಲೆ ಕೂತಿದ್ದಳು. ನನ್ನನ್ನು ಕಂಡು ಏಳಲಿಲ್ಲ. “ಹೆಸರ ಹೇಳಾಕ ಬಂದವ್ರು ಹೆಸರ ಹೇಳಿ ಹೋಗ್ರಿ. ನಮ್ಮ ಮನಿ ಬಾಗಲಾಗ ನಿಮಗೇನ ಕೆಲಸ?” ಎಂದಳು. ನಾನು ಹೇಳಬೇಕಾದ್ದನ್ನು ಹೇಳಿದೆ. ಬಾಗಿಲು ಹಾಕಿಕೊಂಡಳು. ಮರುದಿನ ಬೆಳಿಗ್ಗೆ ಮತ್ತೆ ಹೋದೆ. ಮತ್ತೆ ಹಾಕಿಕೊಂಡಳು. ಮಧ್ಯಾಹ್ನ ಹೋದೆ. ಗಂಡ ಸತ್ತವಳನ್ನು ಹೀಗೆ ಕಾಡಬಾರದೆಂದು ಗೌಡ ಗದರಿಸಿದ. ಕಾಡುತ್ತೇನೆ, ಎಂದೆ. ಬದುಕಿರುವವಳೊಬ್ಬಳು ಲಾಕಪ್ಪಿನಲ್ಲಿದ್ದಾಳೆ.

ಸಂಜೆಗೆ ಅವಳೇ ಬಾಗಿಲು ತೆಗೆದು ಹೊರಗೆ ಬಂದಳು.

“ನೀವ ಕುಟ್ರಿ, ನೀವ ಬೇಯಿಸ್ರಿ, ನೀವ ನೀಡ್ರಿ,” ಎಂದೆ. “ಇವತ್ತು ಮ್ಯಾಲಿನ ಮೂಲಿ ಕಾಳು, ನಾಳಿಗೆ ತಗ್ಗಿನ ಮೂಲೀದು. ನಾ ಉಣ್ಣತೇನಿ.”

“ನಿಮಗ ಏನೂ ಆಗದಿದ್ರ?”

“ಆಕಿನ್ನ ಬೆಳಗಾವಿಗೆ ಕಳಸ್ರಿ. ಬಂಡಿ ನಾನ ಹೂಡತೇನಿ.”

 ರಾಮವ್ವ ಒಳಗೆ ಹೋಗಿ ಒನಕೆ ತಂದಳು. ಮೇಲಿನ ಮೂಲೆಯ ಅನ್ನ ಉಂಡು ನಾನು ಚೆನ್ನಾಗಿ ನಿದ್ದೆ ಮಾಡಿದೆ. ಮರುದಿನ ಗೌಡನೇ ತಗ್ಗಿನ ಒಟ್ಟಿಲಿನಿಂದ ಸಿವುಡು ಎಳೆದು ತಂದ. ರಾಮವ್ವ ಬಡಿದಳು, ಬಿಸಿಲಿಗೆ ಹಾಕಿದಳು, ಕುಟ್ಟಿದಳು, ಕೇರಿದಳು. ಊರ ಹೆಂಗಸರೆಲ್ಲ ಅವಳ ಕೈಯನ್ನೇ ನೋಡುತ್ತ ಸುತ್ತ ಕೂತಿದ್ದರು. ಉಪ್ಪನ್ನೂ ಎಲ್ಲರಿಗೂ ತೋರಿಸಿ ಹಾಕಿದಳು. ಮಡಕೆ ಇಳಿಸಿ, ಗಂಗಾಳದಲ್ಲಿ ಗುಡ್ಡೆ ಹಾಕಿ ನನ್ನ ಮುಂದೆ ತಳ್ಳಿದಳು. ಉಂಡೆ. ರುಚಿಯಲ್ಲಿ ಯಾವ ಫರಕೂ ಇರಲಿಲ್ಲ, ಆಣೆ ಮಾಡಿ ಹೇಳುತ್ತೇನೆ.

ಬಿಸಿಲು ಬಾಡುವ ಹೊತ್ತಿಗೆ ಕಟ್ಟೆಯ ಮೇಲಿಂದ ಏಳಲು ಹೋದೆ, ಕಟ್ಟೆಯೂ ನನ್ನೊಂದಿಗೆ ಎದ್ದಿತು. ಎದುರಿನ ಗೋಡೆ ಹಿಡಿಯಲು ಹೋಗಿ ಗೌಡನ ರುಮಾಲು ಹಿಡಿದೆ. ಕೈ ನಡುಗತೊಡಗಿತು, ನಾಲಿಗೆ ದಪ್ಪವಾಯಿತು. ನನ್ನ ಹೆಸರೇನೆಂದು ಗೌಡ ಕೇಳಿದರೆ ಹುಲ್ಲು ಎಂದೆನಂತೆ. ಅದನ್ನು ಅವನು ಕಂಡಕಂಡವರಿಗೆಲ್ಲ ಹೇಳಿಕೊಂಡು ತಿರುಗಿದ. ವಾಂತಿಯಾಗಿ ಅಂಗಳದಲ್ಲೇ ಬಿದ್ದುಕೊಂಡೆ. ಕಣ್ಣು ಮುಚ್ಚಿದರೆ ಬಾವಿಯೊಳಗೆ ಇಳಿದಂತಾಗುತ್ತಿತ್ತು. ಸತ್ತೇ ಹೋಗುತ್ತೇನೆಂದು ಅನಿಸಿತ್ತು. ಹೆದರಿದ್ದೆ, ಅದನ್ನು ಮುಚ್ಚಿಡುವುದೇನು.

ಯಾರೋ ನನ್ನ ತಲೆ ಎತ್ತಿ ತೊಡೆಯ ಮೇಲಿಟ್ಟುಕೊಂಡು ಹುಣಸೆಹುಳಿಯ ನೀರು ಕುಡಿಸಿದರು. ರಾಮವ್ವ. ನನ್ನ ರೆಪ್ಪೆ ಬಿಡಿಸಿ ಕಣ್ಣು ನೋಡಿದಳು. ನಡುಗುತ್ತಿದ್ದ ನನ್ನ ಬೆರಳುಗಳನ್ನು ಒಂದೊಂದಾಗಿ ಹಿಡಿದು ನೋಡಿದಳು. ಆಮೇಲೆ ತನ್ನ ಎರಡೂ ಅಂಗೈ ಮುಂದೆ ಹಿಡಿದುಕೊಂಡು ನೋಡುತ್ತ ಕೂತುಬಿಟ್ಟಳು. “ನಾ ಏನೂ ಹಾಕಿಲ್ಲ,” ಎಂದು ಸುತ್ತಲಿನ ಹೆಂಗಸರಿಗೆ ಹೇಳಿದಳು. ಯಾರೂ ಹಾಕಿದೆ ಎಂದಿರಲಿಲ್ಲ. ಆದರೂ ಇನ್ನೊಮ್ಮೆ ಹೇಳಿದಳು.

ಸಂತೆಯ ದಿನ ಊರಿಗೆ ಊರೇ ಬೈಲಹೊಂಗಲಕ್ಕೆ ಬಂತು. ನಾನಿನ್ನೂ ಬಿಳಿಚಿದ ಮುಖ ಹೊತ್ತು ಗೌಡನ ಭುಜ ಹಿಡಿದೇ ಕಚೇರಿ ಹತ್ತಿದೆ. ನಡೆದದ್ದನ್ನೆಲ್ಲ ಹೇಳಿದೆ. ಗೌಡ ಹೌದೆಂದ. ರಾಮವ್ವ ಮುಂದೆ ಬಂದು, ಕಾಳು ನಾನೇ ಕುಟ್ಟಿದೆ, ಅನ್ನ ನಾನೇ ಮಾಡಿದೆ, ನೀರು ಉಪ್ಪು ಬಿಟ್ಟು ಏನೂ ಹಾಕಲಿಲ್ಲ, ಇವರು ನನ್ನ ಗಂಡನ ಹಾಗೆಯೇ ತೂರಾಡಿ ಬಿದ್ದರು ಎಂದು ಒಂದೇ ಉಸಿರಿನಲ್ಲಿ ಹೇಳಿದಳು.

ಮಾಮಲೇದಾರರು ಕನ್ನಡಕ ತೆಗೆದು ಒರೆಸಿದರು. ಕೆಳಗಿನ ಮೂಲೆಯ ಕಾಳು ಕೆಟ್ಟದ್ದು, ಒಪ್ಪಿದೆ, ಎಂದರು. ಆದರೆ ಇವಳು ಮುಯ್ಯಾಳಿಗೆ ಹಾಕಿದ್ದು ಆ ಮೂಲೆಯದೇ ಎಂದು ಹೇಳಬೇಕಾದವರು ಯಾರು? ನೀವಲ್ಲ, ಗೌಡನಲ್ಲ. ಒಟ್ಟಿಲು ಖಾಲಿಯಿದ್ದದ್ದು ದನ ತಿಂದೂ ಆಗಿರಬಹುದು. ಅವರು ಮರೆವ್ವನ ಕಡೆ ತಿರುಗಿ ಹಿಂದಿನ ಪ್ರಶ್ನೆಯನ್ನೇ ಕೇಳಿದರು.

ಇಡೀ ಊರು ಅವಳ ಬೆನ್ನ ಹಿಂದೆ ಕೂತಿತ್ತು. ಮರೆವ್ವ ಕಟಕಟೆಯ ಕಟ್ಟಿಗೆಯನ್ನು ಬಿಗಿಯಾಗಿ ಹಿಡಿದಿದ್ದಳು.  ಹೇಳು ತಾಯಿ, ಹೇಳು, ಎಂದು ನಾನು ಹಲ್ಲು ಕಚ್ಚಿಕೊಂಡು ನಿಂತಿದ್ದೆ. ಆಗ ರಾಮವ್ವ, ಯಾರ ಅಪ್ಪಣೆಯನ್ನೂ ಕೇಳದೆ, ಅವಳೆದುರಿಗೆ ಹೋಗಿ ನಿಂತಳು.

“ಮದ್ದು ಹಾಕಿದಿ ಅಂದ್ವಿ, ಅದನ್ನ ತಡಕೊಂಡಿ. ನೆನೆದ ಕಾಳ ಹಾಕಿದಿ ಅಂದ್ರ ತಡಕೊಳ್ಳಾಕ ಆಗೂದಿಲ್ಲನ? ಹೇಳು. ನನ್ನ ಗಂಡ ಹೆಂಗ ಸತ್ತ ಅಂಬೂದು ನನಗ ಗೊತ್ತಾಗಬೇಕು.”

ಮರೆವ್ವ ಸೆರಗು ಸರಿಸಿದಳು. ಮುಖ ಎತ್ತಿ, ಮಾಮಲೇದಾರರಿಗಲ್ಲ, ಹಿಂದೆ ಕೂತ ಮುಯ್ಯಾಳಿಗೆ ಹೇಳಿದಳು.

“ತಗ್ಗಿನ ಮೂಲೀದು. ನೆನೆದದ್ದು. ಗೊತ್ತಿದ್ದ ಹಾಕೀನಿ. ನಿಮಗ ಹಿಂಗ ಆಕ್ಕತಿ ಅಂತ ಗೊತ್ತಿರಲಿಲ್ಲ.”

 ಗುಮಾಸ್ತ ಅದನ್ನು ಬರೆದುಕೊಂಡ. ಸ್ವಲ್ಪ ಹೊತ್ತಿಗೆ ಮಾಮಲೇದಾರರು ನನ್ನನ್ನು ಹತ್ತಿರ ಕರೆದು, ವಿಷದ ಹೆಸರು ಹೇಳಿ, ಬರೆಯಬೇಕು ಎಂದರು. ಹೆಸರಿಲ್ಲ, ಎಂದೆ. ಹುಚ್ಚು ಹಾರಕ ಎಂದು ಬರೆಯಲೇ? ಬೇಡ, ಹಾಗೆ ಬರೆದರೆ ಎರಡು ಜಾತಿಯಿದೆ ಎಂದಾಗುತ್ತದೆ, ಇರುವುದು ಒಂದೇ. ಬರೀ ಹಾರಕ ಎನ್ನಲೇ? ಅದೂ ಬೇಡ, ಹಾರಕದಲ್ಲಿ ವಿಷವಿಲ್ಲ. ಅವರಿಗೆ ರೇಗಿತು. ಹೆಸರು ಹೇಳಲೆಂದೇ ಸರಕಾರ ನಿಮಗೆ ಪಗಾರ ಕೊಡುತ್ತದೆ, ಹೆಸರಿಲ್ಲದ್ದನ್ನು ನಾನು ಹೇಗೆ ನಂಬಲಿ ಎಂದರು. ನನಗೂ ರೇಗಿತು.

“ರಾವಸಾಹೇಬ್ರ, ನಂಬಬ್ಯಾಡ್ರಿ, ಉಂಡ ನೋಡ್ರಿ. ಬಂಡ್ಯಾಗ ತಗ್ಗಿನ ಮೂಲಿ ಕಾಳ ಇನ್ನೂ ಐತಿ. ಹೆಸರ ಇಲ್ಲಂದ್ರ ಊರು ಬರೀರಿ, ಹೊಲ ಬರೀರಿ, ಯಾವ ಮೂಲಿ ಅಂತ ಬರೀರಿ. ಹೆಸರು ಯಾರರ ಆಮ್ಯಾಲ ಇಡತಾರ.”

ಅವರು ನನ್ನ ಬಿಳಿಚಿದ ಮುಖವನ್ನು ಒಮ್ಮೆ ನೋಡಿ ಉಣ್ಣುವ ವಿಚಾರ ಕೈಬಿಟ್ಟರು. ಊರು ಬರೆದರು, ಹೊಲ ಬರೆದರು, ಹಳ್ಳದ ಕಡೆಯ ತಗ್ಗು ಎಂದು ಬರೆದರು. ಕಾರಣ ತಿಳಿದುಬಂದಿಲ್ಲ, ಆದರೆ ಆರೋಪಿಯ ಕೈವಾಡವಿಲ್ಲ ಎಂದು ಬರೆದು ಮರೆವ್ವನನ್ನು ಬಿಡುವ ಹುಕುಮಿಗೆ ಸಹಿ ಹಾಕಿದರು. ಹೆಸರಿಲ್ಲದ ಒಂದು ಸಂಗತಿಯನ್ನು ಆ ಮನುಷ್ಯ ಒಪ್ಪಿ ಸಹಿ ಹಾಕಿದ್ದು ಅದೇ ಮೊದಲು ಇರಬೇಕು. ಅದಕ್ಕಾಗಿ ನಾನು ಅವರಿಗೆ ಮನಸಾರೆ ಕೈಮುಗಿದೆ.

ಕಚೇರಿಯ ಹೊರಗೆ ಬೇವಿನ ಮರದ ಕೆಳಗೆ ಊರವರು ಬುತ್ತಿ ಬಿಚ್ಚಲು ಕೂತರು. ಮರೆವ್ವ ಬಿಡುಗಡೆಯಾಗಿ ಬಂದಳು, ಬಂದವಳು ಎಲ್ಲಿ ನಿಲ್ಲಬೇಕೆಂದು ತಿಳಿಯದೆ ದೂರದಲ್ಲೇ ನಿಂತಳು. ಕೋರ್ಟು ಬಿಟ್ಟಿತ್ತು, ಊರು ಬಿಟ್ಟಿರಲಿಲ್ಲ. ಗಂಡಸರು ನೆಲ ನೋಡಿದರು, ಹೆಂಗಸರು ಗಂಟು ಬಿಚ್ಚುವುದನ್ನೇ ನಿಲ್ಲಿಸಿದರು. ನನ್ನ ಕನ್ನಡಿಯಿಂದ ಇಲ್ಲಿ ಆಗುವುದೇನೂ ಇರಲಿಲ್ಲ.

ರಾಮವ್ವ ತನ್ನ ಬುತ್ತಿಯ ಗಂಟು ಎತ್ತಿಕೊಂಡು ಹೋಗಿ ಮರೆವ್ವನ ಕೈಯಲ್ಲಿಟ್ಟಳು. ಮರೆವ್ವ ಅರ್ಥವಾಗದೆ ಅದನ್ನು ಹಿಡಿದುಕೊಂಡೇ ನಿಂತಳು. ರಾಮವ್ವ ಅವಳೆದುರಿಗೆ ನೆಲದ ಮೇಲೆ ಕೂತು ಕೈ ಚಾಚಿದಳು.

“ನನ್ನ ಗಂಡ ನಿನ್ನ ಕೈಲೆ ಉಂಡು ಸತ್ತಾನ. ಅದು ಸುಳ್ಳಲ್ಲ. ನೀ ಕೊಂದಿಲ್ಲ. ಅದೂ ಸುಳ್ಳಲ್ಲ. ನೀಡು.”

ಮರೆವ್ವ ಗಂಟು ಬಿಚ್ಚಿ ರೊಟ್ಟಿ ಮುರಿದು ಆ ಕೈಯಲ್ಲಿಟ್ಟಳು. ರಾಮವ್ವ ಉಂಡಳು.